ಸ್ತಬ್ಧಚಿತ್ರ

ಬಂಡೀಪಾಳ್ಯದ ಮಂಡಿ ದಾಟಿ
ಈರುಳ್ಳಿ ಸಿಪ್ಪೆ ಹಾರುವ ಓಣಿಯ ಕೊನೆಗೆ
ತಗಡಿನ ಶೆಡ್ಡು. ಬಾಗಿಲಲ್ಲಿ
ಹತ್ತು ರೂಪಾಯಿಯ ಚೀಟಿ ಹರಿದುಕೊಟ್ಟಳು
ಮುಕ್ತಾರ್ ಸಾಬರ ಮೊಮ್ಮಗಳು,
ಹೋಮ್‌ವರ್ಕಿನಿಂದ ತಲೆ ಎತ್ತದೆಯೇ.

ಒಳಗೆ ಮೊದಲು ಮೂಗಿಗೇ ಎಲ್ಲ:
ಮೈದಾ ಅಂಟು, ಥಿನ್ನರು, ಸುಟ್ಟ ಥರ್ಮಾಕೋಲು.
ಆಮೇಲೆ ನಿಧಾನವಾಗಿ ಕಣ್ಣಿಗೆ
ಒಂದು ಕಿವಿ ಕಳೆದುಕೊಂಡ ಹುಲಿ,
ಅಣೆಕಟ್ಟಿನ ಮೂರು ತೂಬು
(ಅದರ ನೀರನ್ನು ಮಡಚಿ ಮೂಟೆ ಕಟ್ಟಿಟ್ಟಿದ್ದಾರೆ),
ಒಂದು ರಾಕೆಟ್ಟು. ಅದರ ಹೊಟ್ಟೆಯಲ್ಲಿ
ಬೆಕ್ಕು ಮರಿ ಹಾಕಿದೆ.

‘ಎಲ್ಲಾ ಉಳಿಸ್ಕೊಳ್ಳಕ್ಕಾಗಲ್ಲ ಮೇಡಂ,
ತಲೆ ಮಾತ್ರ ಇಟ್ಕೋತೀವಿ,’ ಅಂದರು ಸಾಬರು.
‘ಮೈಗೆಲ್ಲಾ ಅದೇ ಕಬ್ಬಿಣ, ಅದೇ ಹಲಗೆ.
ಹೋದ ವರ್ಷ ಬಿದ್ರಿ ಹೂಜಿ ಆಗಿದ್ದು
ಈ ವರ್ಷ ಆರೋಗ್ಯ ಇಲಾಖೆ ಶ್ವಾಸಕೋಶ.’

ನಗು ಬಂತು. ನಗಲಿಲ್ಲ.
ನಾನೊಂದು ಗೂಡು ಹುಡುಕುತ್ತಿದ್ದೆ.

ಎಂಬತ್ತಾರನೇ ಇಸವಿ, ರೇಷ್ಮೆ ಇಲಾಖೆಯ ಬಂಡಿ,
ಹಿಪ್ಪುನೇರಳೆ ಸೊಪ್ಪು ಹಿಡಿದ ಹುಡುಗಿ ನಾನು.
ಪಿ.ಟಿ. ಮೇಷ್ಟ್ರು ಆರಿಸಿದ್ದು ಅಂದಕ್ಕಲ್ಲ:
‘ಇವಳು ಕದಲಲ್ಲ ಕಣ್ರೀ, ಕಂಬ.’
ಅರಮನೆಯಿಂದ ಬನ್ನಿಮಂಟಪ, ಕೈ ಎದೆಮಟ್ಟ, ನಗು ಅರ್ಧ.
ಆಯುರ್ವೇದ ಆಸ್ಪತ್ರೆ ಸರ್ಕಲ್ಲಿನಲ್ಲಿ ಮೂಗಿನ ಮೇಲೆ ಕೂತ ನೊಣ
ಬಂಬೂ ಬಜಾರಿನವರೆಗೂ ಇಳಿಯಲಿಲ್ಲ.
ಮರದ ಮೇಲೆ, ಮಾಳಿಗೆ ಮೇಲೆ, ಅಪ್ಪಂದಿರ ಹೆಗಲ ಮೇಲೆ
ಊರೇ ಊರು.
‘ಬೊಂಬೆ ಕಣ್ಲಾ ಅದು.’
‘ಇಲ್ಲ, ಉಸಿರಾಡ್ತದೆ ನೋಡು.’
ಪಂದ್ಯ ಕಟ್ಟಿದ ಆ ಇಬ್ಬರಲ್ಲಿ ಯಾರು ಗೆದ್ದರೋ,
ಬಂಡಿ ಮುಂದೆ ಹೋಯಿತು.

ಆಮೇಲೂ ಬಹಳ ಕಡೆ ಅಲ್ಲಾಡದೆ ನಿಂತಿದ್ದೇನೆ.
ಅದು ಬೇರೆ ಮಾತು.

ಗೂಡು ಸಿಗಲಿಲ್ಲ. ‘ಇಲಿ ತಿಂದ್ವು,’ ಅಂದರು ಸಾಬರು,
ತಾವೇ ತಿಂದವರ ಹಾಗೆ ತಲೆ ತಗ್ಗಿಸಿ.
‘ಬಂಡಿ ಇದೇ. ಡ್ರೈವರೂ ಅಲ್ಲೇ ಕೂತವ್ರೆ.’

ಜವರಪ್ಪ ಚಹ ಕುಡಿಯುತ್ತಿದ್ದ.
‘ಒಳೀಕೆ ನೋಡ್ತೀರಾ ತಾಯಿ? ಬಗ್ಗಿ, ತಲೆ ಹುಷಾರು.’
ಮಂಡಿ ಮುಲುಗಿತು.
ಅರ್ಧ ಬಣ್ಣದ ಶ್ವಾಸಕೋಶದ ಕೆಳಗೆ
ಟ್ರ್ಯಾಕ್ಟರಿನ ಸೀಟು, ಮುಂದೆ
ತೆಂಗಿನ ಚಿಪ್ಪಿನಗಲದ ಒಂದು ತೂತು.

ಇಪ್ಪತ್ತೆರಡು ದಸರಾ ಅವನು ನೋಡಿದ್ದು ಇಷ್ಟರಲ್ಲೇ:
ಮುಂದಿನ ಬಂಡಿಯ ಹಿಂಚಕ್ರ, ಪೊಲೀಸರ ಬೂಟು,
ಯಾರದೋ ಕೈಯಿಂದ ಬಿದ್ದ ಕಡಲೆಕಾಯಿ ಪೊಟ್ಟಣ.
‘ಆನೆ?’
‘ಆನೆ ಬರದು ನಮ್ ಹಿಂದೆ ಅಲ್ವರಾ.
ಟೀವೀಲಿ ನೋಡಿವ್ನಿ.’

ಹೊರಗಿನಿಂದಲೇ ಮಾತು ಮುಂದುವರಿಯಿತು:
‘ಆ ರೇಷ್ಮೆ ವರ್ಸ ಮಾತ್ರ ಮರೆಯಕಿಲ್ಲ ಕನವ್ವ.
ದಾರಿಯುದ್ದಕ್ಕೂ ನೆತ್ತಿ ಮ್ಯಾಲೆ ಟಕ್, ಟಕ್ಟಕ್.
ಬೋಲ್ಟು ಸಡ್ಲಾಗದೆ, ಇನ್ನೇನು ಎಲ್ಲಾ ಬಿತ್ತು ಅಂತ
ಜೀವ ಕೈಲಿಡ್ಕಂಡು ಓಡಿಸ್ದೆ.
ಬನ್ನಿಮಂಟಪದಲ್ಲಿ ಪಾನಾ ತಕ್ಕಂಡು ನೋಡ್ತೀನಿ,
ಒಂದೂ ಸಡ್ಲಾಗಿಲ್ಲ.
ಇವತ್ತಿಗೂ ಗೊತ್ತಾಗ್ಲಿಲ್ಲ, ಅದೇನು ಅಂತ.’

ಪೊಲೀಸ್ ಬ್ಯಾಂಡು ಅಂದು ನಮ್ಮ ಮುಂದೆಯೇ ಇತ್ತು.
ಡ್ರಾಮಾ ಕಂಪನಿಯ ಬಾಡಿಗೆ ಸೀರೆ, ಅದರ ನೆರಿಗೆಯೊಳಗೆ
ಬಾಡಿಗೆಯದೇ ಹಿತ್ತಾಳೆ ಕಾಲುಂಗುರ.
ಇಡೀ ಊರಿಗೆ ಕಂಬವಾಗಿದ್ದವಳ
ಬಲಗಾಲಿನ ಒಂದು ಬೆರಳು
ಮೇಷ್ಟ್ರ ಮಾತು ಕೇಳಿರಲಿಲ್ಲ.

ಹೇಳಬೇಕೆಂದುಕೊಂಡೆ. ಹೇಗೆ ಶುರು ಮಾಡುವುದು?
ಕೈ ಎತ್ತಿ, ತಲೆಯ ಮೇಲಿನ ಹಲಗೆಗೆ
ಬಳೆಯಿಂದ ಹೊಡೆದೆ:
ಟಕ್, ಟಕ್ಟಕ್.

ತೂತಿನಲ್ಲಿ ಕಂಡದ್ದು
ಜವರಪ್ಪನ ಮಂಡಿ, ಮಂಡಿಯಿಂದ ಗೇಣು ಮೇಲೆ
ಬಾಯಿಗೆ ಹೊರಟು ನಡುವೆಯೇ ನಿಂತ ಲೋಟ.
ಲೋಟದಿಂದ ಹಬೆ ಏಳುತ್ತಿತ್ತು.
ಬೇರೇನೂ ಕದಲಲಿಲ್ಲ.