ಸಪ್ಪಳಾಗದಂಗ

ಸ್ಟೀಲ್ ಡಬ್ಬಿಯ ಮುಚ್ಚಳ ತೆಗಿಯೂದು ಒಂದು ವಿದ್ಯಾ.
ಎಡಗೈಲೆ ಎದಿಗೆ ಒತ್ತಿ ಹಿಡದು,
ಉಸಿರು ನಿಲ್ಲಿಸಿ,
ಹೊಟಗಿ ಕಡೆಯಿಂದ ಗೂಡ್ಸ್ ಗಾಡಿ ಬರೂತನಕ ಕಾದು
ಅದರ ಗದ್ದಲದಾಗ ಒಮ್ಮೆಲೆ ಎತ್ತಬೇಕು.
ಹದಿನಾಲ್ಕು ವರ್ಷದಾಗ ಒಂದು ಸಲನೂ ತಪ್ಪಿಲ್ಲ ನಾನು.

ಮೊದಲನೇ ಶೇಂಗಾ ಹೋಳಿಗಿಗೆ ರುಚಿ ಇರತೈತಿ.
ಎರಡನೇದು ಬರೇ ಮೆತ್ತಗಿರತೈತಿ.
ಮೂರನೇದಕ್ಕ ಏನೂ ಇರೂದಿಲ್ಲ,
ಬಾಯಿ ತುಂಬಿದಾಗ ಮಾತು ಬರೂದಿಲ್ಲ
ಅನ್ನೂದಷ್ಟ ಗೊತ್ತು.

ಹಗಲಿ ಯಾರ ಮುಂದೂ ಉಣ್ಣೂದಿಲ್ಲ.
ಟಾವೆಲ್ ಕಾರ್ಖಾನ್ಯಾಗ ಎಲ್ಲಾರೂ ಬುತ್ತಿ ಬಿಚ್ಚಿದರ
ಅರ್ಧ ಕಡಕ್ ಭಾಕ್ರಿ ಮುರದು
"ಸಾಕವ್ವ, ಹಸಿವಿಲ್ಲ" ಅಂತೀನಿ.
"ಇಷ್ಟ ತಿಂದೂ ಹಿಂಗ್ಯಾಕ ಉಬ್ಬೀದಿ?" ಅಂತ
ಪದ್ಮಿನಿ ನಕ್ಕಳು, ಒಳ್ಳೆ ಮನಸಿಲೇನ ನಕ್ಕಳು.
ಥೈರಾಯಿಡ್ ಐತಿ ಅಂದೆ.
ಇಲ್ಲದ ಬ್ಯಾನಿಗೆ ಹೆಸರು ಎಷ್ಟು ಸಲೀಸ ಬಂತು.

ಬ್ಲೌಜ್ ಹೊಲಿಯೋ ಮೆಹಮೂದಾ ಏನೂ ಅನ್ನಲಿಲ್ಲ.
ಹೋದ ದೀಪಾವಳಿಯ ಅಳತಿ ಬರದ ಹಾಳಿ ತಿರುವಿ
ಮೆಲ್ಲಕ ಎರಡು ಇಂಚು ಕೂಡಿಸಿದಳು.
ಆ ರಾತ್ರಿ ಐದು ತಿಂದೆ.

ತಿಂದಿದ್ದಕ್ಕ ನಾಚಿಕಿ, ನಾಚಿಕಿಗೆ ಮತ್ತ ತಿನ್ನೂದು,
ಮಗ್ಗದ ಲಾಳಿಯಂಗ.
ಯಾವಾಗ ಸುರುವಾತು ಅಂತ ನನಗ ಗೊತ್ತೈತಿ.
ಅವ್ವ ಅಕ್ಕಲಕೋಟಿ ದವಾಖಾನ್ಯಾಗ
"ಸಣ್ಣಾಕಿ ಬಂದಳೇನು" ಅಂತ ಕೇಳತಿದ್ದಾಗ
ನಾ ಇಲ್ಲೆ ಸೊಲ್ಲಾಪುರದಾಗ ಡಬಲ್ ಪಾಳಿ ಮಾಡತಿದ್ದೆ.
ರೊಕ್ಕ ಬೇಕಿತ್ತು.
ಖರೇ ಹೇಳಬೇಕಂದರ ರೊಕ್ಕ ಅಷ್ಟೇನ ಬೇಕಿರಲಿಲ್ಲ;
ಆಕಿ ಸಾಯೂದು ನೋಡೂದು ಬೇಕಿರಲಿಲ್ಲ.
ದಿವಸ ಮಾಡಿದ ಮ್ಯಾಲ ಉಳದ ಹೋಳಿಗಿ
ಬುಟ್ಟಿ ತುಂಬ ಇದ್ದುವು. ಒಬ್ಬಾಕಿನ ತಿಂದೆ.
"ಅಳಬೇಕಾದಾಕಿಗೆ ಹೊಟ್ಟಿ ನೋಡು" ಅಂತ
ವೈನಿ ಅಂದದ್ದು ಕೇಳಿಸಿತು, ನಿಲ್ಲಿಸಲಿಲ್ಲ.

ಅತ್ತಿ ಶೇವಂತಾಬಾಯಿ ಎಣಸತಾಳ.
"ಇಪ್ಪತ್ತೊಂದಿದ್ದುವು. ಇಲಿ ಬಂದಾವ," ಅಂತಾಳ
ನನ್ನ ಕಡೆ ನೋಡದ.
ಹೋದ ವಾರ ಬೋನು ತಂದಿಟ್ಟಾಳ,
ಅದರಾಗೂ ಒಂದು ತುಂಡು ಹೋಳಿಗಿನ.

ಶ್ರಾವಣ ಸೋಮವಾರ. ಇಬ್ಬರದೂ ಒಪ್ಪತ್ತು.
ಗೂಡ್ಸ್ ಗಾಡಿ ಬಂತು, ಮಾಡಕ್ಕ ಕೈ ಹಾಕಿದೆ,
ಡಬ್ಬಿ ಇಲ್ಲ.
ಹಿಟ್ಟಿನ ಚೀಲದ ಮಗ್ಗಲಾಗ, ನೆಲದ ಮ್ಯಾಲ,
ತೊಡಿ ನಡಕ ಡಬ್ಬಿ ಹಿಡಕೊಂಡು
ಸೆರಗಿಲೆ ಅರ್ಧ ಮುಖ ಮುಚ್ಚಿ
ಅತ್ತಿ.
ಗಲ್ಲ ಎರಡೂ ಉಬ್ಬಿದ್ದುವು. ಅಗಿಯೂದು ನಿಂತಿತ್ತು.

ಲೈಟ್ ಹಾಕಲಿಲ್ಲ ನಾನು.
ಹೊರಗ ಗಾಡಿಯ ಡಬ್ಬಿ ಒಂದೊಂದ ದಾಟತಿದ್ದುವು,
ಮುಗಿಯವಲ್ದು.
ಯಾರ ಸಾವು ಆಕೀದು? ಯಾವ ಇಂಚು?
ಎಪ್ಪತ್ತು ವರ್ಷದ ಲೆಕ್ಕ ನನಗ ಹೆಂಗ ಗೊತ್ತಾಗಬೇಕು.

ತಂಬಿಗಿ ನೀರು ಆಕಿ ಮುಂದಿಟ್ಟು ಹೊರಳಿದೆ.
ಹಿಂದಿಂದ, ಹೋಳಿಗಿ ತುಂಬಿದ ಬಾಯಿಲೆ,
"ಮುಚ್ಚಳ ಎಲ್ಲಿ ಉರುಳತೋ, ಕಾಣವಲ್ದು.
ಹುಡುಕ ಸ್ವಲ್ಪ."