ಕುಲಗೆಟ್ಟ ಮತಗಳು

ಗಂಗಾವತಿಯ ಜೂನಿಯರ್ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ
ನಾಲ್ಕನೇ ಟೇಬಲ್ಲು ನನ್ನದು.
ಸಿಂಕಿನ ಮೇಲೆ ಹಲಗೆ, ಹಲಗೆಯ ಮೇಲೆ ಬಿಳಿ ಬಟ್ಟೆ,
ಅದರ ಮೇಲೆ ಒಂಬತ್ತನೇ ವಾರ್ಡನ್ನು ಸುರಿದರು.
ಚೀಟಿಗಳ ಮಡಿಕೆಯಲ್ಲಿ ರೈಸ್ ಮಿಲ್ಲಿನ ಹೊಟ್ಟಿನ ಬೂದಿ,
ಊದಿದರೆ ಹಾರುವಷ್ಟು.

ಇಪ್ಪತ್ತಾರು ವರ್ಷ ಕನ್ನಡ ಕಲಿಸಿದ ಕೈ ಇದು,
ಎಣಿಸು ಎಂದರೆ ಓದುತ್ತದೆ.

ಓದಲಿಕ್ಕೆ ಏನಿರುತ್ತದೆ ಅದರಲ್ಲಿ? ಹೆಸರು, ಗುರುತು, ಮುದ್ರೆ.
ಈ ಸಲ ಮಾತ್ರ ಜನ ಪೆನ್ನು ತಂದಿದ್ದರು.
"ನೀ ಇಳಿ."
ಇನ್ನೊಂದು ಬಿಚ್ಚಿದೆ. "ಸಾಕು, ಇಳಿ."
ನೀಲಿ ಪೆನ್ನು, ಪೆನ್ಸಿಲ್ಲು, ಒಂದರಲ್ಲಿ ಕಣ್ಣಿನ ಕಾಡಿಗೆ.
ಮರ್ಯಾದೆ ಬಿಡದವರೂ ಇದ್ದರು: "ಇಳೀರಿ ಸಾಹೇಬ್ರ."
ಹುಲಿಗೆಮ್ಮನಿಗೆ ಬರೆದದ್ದಲ್ಲ ಇದು,
ಆಕೆ ಇನ್ನೂ ಹತ್ತಿಯೇ ಇರಲಿಲ್ಲ.
ಮುದ್ರೆ ನೆಟ್ಟಗೆ ಆಕೆಯ ಹೆಸರಿನ ಮೇಲೇ ಬಿದ್ದಿತ್ತು,
ಮಾತು ಮಾತ್ರ ದಿಲ್ಲಿಗೆ.
ಅಂಚೆಡಬ್ಬಿ ದೂರ ಎಂದು ಮತಡಬ್ಬಿಗೆ ಹಾಕಿದ ಕಾಗದ.

ಒಂದರಲ್ಲಿ ಇತ್ತು: "ನೀ ಇಲಿ."
ಕೆಂಪು ಪೆನ್ನಿಗೆ ಕೈ ಹೋಯಿತು,
ಅದನ್ನು ಬಾಗಿಲಲ್ಲೇ ಇಸಿದುಕೊಂಡಿದ್ದರು.
ಳಕಾರ ತಪ್ಪುವ ನನ್ನದೇ ಹಳೆಯ ಹುಡುಗನೋ,
ತಪ್ಪದೆ ಬರೆದ ಜಾಣನೋ?
ಚುನಾವಣಾಧಿಕಾರಿ ಕನ್ನಡಕ ಹಣೆಗೇರಿಸಿ ನೋಡಿ,
ನಗು ನುಂಗಿ, ಷರಾ ಬರೆದರು: ಕುಲಗೆಟ್ಟದ್ದು.

ಎಂಥ ಮಾತು ಇಟ್ಟಿದ್ದಾರೆ ನೋಡಿ.
ಜಾತಿ ಎಣಿಸಿ ಟಿಕೆಟು ಕೊಟ್ಟಾಗ ಕೆಡದ ಕುಲ,
ಓಣಿ ಎಣಿಸಿ ನೋಟು ಹಂಚಿದಾಗ ಕೆಡದ ಕುಲ,
ಮನಸ್ಸಿನದು ಬರೆದರೆ ಕೆಟ್ಟಿತು.

ಅಂಥವು ನಲವತ್ತೊಂದು.
ಹುಲಿಗೆಮ್ಮ ಸೋತದ್ದು ಇಪ್ಪತ್ಮೂರರಿಂದ.

ಸಂಜೆ ಬಸ್‌ಸ್ಟ್ಯಾಂಡಿನ ಎದುರು ಮಂಡಾಳ ಒಗ್ಗರಣಿ, ಮಿರ್ಚಿ.
ಟಿವಿಯಲ್ಲಿ ಎಂಟು ಚೌಕ, ಎಂಟು ಬಾಯಿ:
ರಾಜೀನಾಮೆ ಕೊಡಬೇಕೇ, ಬೇಡವೇ?
"ಊರ ಗಟಾರದ ಎಲೆಕ್ಷನ್ನಿಗೆ ದೇಶದ ಕುರ್ಚಿ ಬಿಡ್ತಾರೇನು?
ನಳ ಕೆಟ್ರ ಹೊಳಿ ಬದಲಿಸ್ತೀರೇನು?"
ಎಂದ ಮಿಲ್ಲಿನ ಗುಮಾಸ್ತ ವಿರುಪಣ್ಣ.
ಹೌದಲ್ಲ ಅನಿಸಿತು.
ಪಂಕ್ಚರಿನ ಮೈಬೂಸಾಬ ಮಿರ್ಚಿಯ ತೊಟ್ಟು ಎಸೆದು,
"ಗಟಾರದ ಬೋರ್ಡಿನ ಮ್ಯಾಲೂ ಅವರ ಫೋಟೋನ ಇತ್ತಲ್ಲೋ.
ಗೆದ್ರ ಮೋರೆ ಗೆಲ್ಸಿತು,
ಸೋತ್ರ ಮೋರಿ ಸೋಲ್ಸಿತೇನು?"
ಅದೂ ಹೌದು.
"ಮೇಡಂ, ನೀವ ಹೇಳ್ರಿ" ಅಂದರು.
ವ್ಯಾಕರಣ ಬಿಟ್ಟರೆ ನನಗೇನು ಗೊತ್ತು.
ರಾಜೀನಾಮೆಯಲ್ಲಿ ರಾಜಿ ಇದೆ, ನಾಮವೂ ಇದೆ ಎಂದೆ.
ನಕ್ಕರು. ತಪ್ಪಿಸಿಕೊಂಡೆ.

ನಲವತ್ತೊಂದರ ಸುದ್ದಿ ಎತ್ತಲಿಲ್ಲ.
ಗುಟ್ಟು ಕಾಯುತ್ತೇನೆಂದು ಸಹಿ ಮಾಡಿದ್ದೇನೆ.
ಅವು ಅರಗಿನ ಮುದ್ರೆಯಡಿ, ಚೀಲದೊಳಗೆ, ಖಜಾನೆಯ ಕತ್ತಲಲ್ಲಿವೆ.
ಇಳಿಯುವುದು ಬಿಡುವುದು ಆಮೇಲಿನ ಮಾತು,
ಆ ಕಾಡಿಗೆಯ ಅಕ್ಷರವನ್ನು ಒಮ್ಮೆ
ಆತ ಬೆಳಕಿಗೆ ಹಿಡಿದು ಓದಬೇಕಿತ್ತು.
ಓದುವುದಿಲ್ಲ. ಅವಧಿ ಮುಗಿದ ಮೇಲೆ ಸುಡುತ್ತಾರೆ,
ಅದೂ ಬೂದಿಯಾಗಿ ಯಾರದೋ ಒಣಹಾಕಿದ ಸೀರೆಗೆ ಕೂರುತ್ತದೆ.

ಮನೆಯ ತಿರುವಿನಲ್ಲಿ ಹುಲಿಗೆಮ್ಮ.
ಪ್ರಚಾರದ ಆಟೋದ ಮೈಕು ಬಿಚ್ಚಿಸುತ್ತ
ಕೊನೇ ದಿನದ ಬಾಡಿಗೆಗೆ ಚೌಕಾಸಿ ನಡೆಸಿದ್ದಳು.
"ಟೀಚರ, ಒಂದ ತಿಳೀವಲ್ದು ನೋಡ್ರಿ.
ಅಷ್ಟ ಮಂದಿ ನನ್ನ ಹೆಸರಿಗೇ ಒತ್ಯಾರಂತ, ಏಜೆಂಟ ಅಂದ.
ಮತ್ತ ನಾ ಹೆಂಗ ಸೋತೆ?"

ನಾನು ಬ್ಯಾಗಿನಲ್ಲಿ ಕೀಲಿ ಹುಡುಕಿದೆ.

ಆಕೆ ಆಟೋದ ನೆತ್ತಿಯ ಹಗ್ಗ ಬಿಚ್ಚಿ
ಕೈ ಮುಗಿದು ನಗುವ ಆತನನ್ನು ಇಳಿಸಿದಳು,
ಧೂಳು ಕೊಡವಿದಳು, ನಾಲ್ಕು ಮಡಿಕೆ ಮಾಡಿದಳು.
"ಗಟ್ಟಿ ಐತ್ರಿ ಪ್ಲಾಸ್ಟಿಕ್ಕು.
ಕುಳ್ಳಿನ ಮ್ಯಾಲ ಮುಚ್ಚಾಕ ಬರ್ತೈತಿ."