ಅಭ್ಯಾಸ ಪಾಠ

ಸುವರ್ಣ ಮಹೋತ್ಸವದ ಸಂಚಿಕೆಗೆ ಎರಡು ಪುಟ ಬೇಕಂತೆ,
ಇಸವಿ, ಚದರಡಿ, ಯಾವ ಕಟ್ಟಡಕ್ಕೆ ಯಾರ ಅನುದಾನ.
ಅದೆಲ್ಲ ಆಫೀಸಿನ ಬೀರುವಿನಲ್ಲಿದೆ, ಗೆದ್ದಲು ಬಿಟ್ಟಷ್ಟು.
ನಾನು ಇಲ್ಲಿ ಓದಿದವನಲ್ಲ, ಓದಿಸಿದವನೂ ಅಲ್ಲ,
ಇವರೆಲ್ಲ ಕೈ ಪಳಗಿಸಿಕೊಂಡ ಹಲಗೆ.

ಮೊದಲಿಗೆ ಇದು ಸಾಗರದ ನಾಟಾ ಡಿಪೋದ ಒಂದು ಶೆಡ್ಡು.
ಹೊನ್ನೆ ದಿಮ್ಮಿಗಳ ತಲೆಗೆ ಸುತ್ತಿಗೆ ಮುದ್ರೆ ಬೀಳುತ್ತಿದ್ದಲ್ಲಿ
ಹತ್ತೊಂಬತ್ತು ಜನ ಹಾಜರಿ ಕೂಗಿಸಿಕೊಂಡರು.
ಗರಗಸದ ಪುಡಿ, ಸೀಮೆಸುಣ್ಣದ ಪುಡಿ,
ಗುರುಗಳಿಗೂ ಶಿಷ್ಯರಿಗೂ ಒಂದೇ ಕೆಮ್ಮು.
ಆರು ಜನರ ಊರು ಅಷ್ಟರಲ್ಲೇ ಹಿನ್ನೀರಿನಡಿ.
ಹುಟ್ಟೂರು ಎಂಬ ಕಾಲಮ್ಮಿನ ಎದುರು
ಪೆನ್ನು ಊರಿಕೊಂಡೇ ಬೂದ್ಯಪ್ಪ ಕೇಳಿದನಂತೆ
ಗುಮಾಸ್ತನನ್ನು: "ಈಗಲೂ ಬರೀಬಹುದಾ ಸಾರ್?"

ಪಕ್ಕದ ಶೆಡ್ಡು ಅಭ್ಯಾಸ ಶಾಲೆ. ಅಲ್ಲಿ ನಾವು, ಮೂವತ್ತೊಂದು ಮಕ್ಕಳು.
ಬೀಜ ಮೊಳೆಯುವ ಪಾಠ ನನಗೆ ಹದಿನಾಲ್ಕು ಸಲ ಆಗಿದೆ.
ಪ್ರತಿ ಸಲವೂ ಹೊಸ ಮೇಷ್ಟ್ರು, ಹೊಸ ಚಾರ್ಟು, ಅದೇ ಅವರೆಕಾಳು.
ಹಿಂದಿನ ಬೆಂಚಿನಲ್ಲಿ ಮೇಲ್ವಿಚಾರಕರು, ಕೆಂಪು ಶಾಯಿ.
ಫಿಲೋಮಿನಾ ಟೀಚರ ಕೈಯಲ್ಲಿ ಕೋಲು ನಡುಗುವುದು ನೋಡಲಾರದೆ
ನಾವೇ ಒಂದು ಒಪ್ಪಂದ ಮಾಡಿದೆವು:
ನೀವು ಏನೇ ಕೇಳಿ, ಎಲ್ಲರೂ ಕೈ ಎತ್ತುತ್ತೇವೆ.
ಗೊತ್ತಿದ್ದವರು ಬಲಗೈ. ಗೊತ್ತಿಲ್ಲದವರು ಎಡಗೈ.
ಬಲಗೈಯವರನ್ನೇ ಎಬ್ಬಿಸಿ.
ಹೀಗೆ ಎಷ್ಟೋ ಮಂದಿ ಪಾಸಾದರು,
ಬಸ್ಸು ನಿಲ್ಲುವಲ್ಲಿಂದ ಆಚೆಗೆ ಎಂಟು ಮೈಲಿ ನಡೆದು
ಏಕೋಪಾಧ್ಯಾಯ ಶಾಲೆಗಳ ಬೀಗ ತೆಗೆದರು.

ಪಾಠ ಮುಗಿದರೆ ಕಾಳು ಕಿಟಕಿಯಾಚೆಗೆ.
ಬೇಲಿಯುದ್ದಕ್ಕೂ ಅವರೆ ಬಳ್ಳಿ. ಪುಷ್ಯದಲ್ಲಿ ಸಿಬ್ಬಂದಿಗೆಲ್ಲ ಪುಕ್ಕಟೆ ಹುಳಿ.

ಆಮೇಲೆ ನಾನಿಲ್ಲೇ ಜವಾನನಾದೆ. ಗಂಟೆ ಹೊಡೆಯಲು
ಡಿಪೋದವರು ಬಿಟ್ಟುಹೋದ ಅದೇ ಮುದ್ರೆ ಸುತ್ತಿಗೆ.
ಒಂದೊಂದೇ ಶೆಡ್ಡು ಬಿತ್ತು, ಒಂದೊಂದೇ ಕಟ್ಟಡ ಎದ್ದಿತು.
ಗೋಡೆ ಅರ್ಧಕ್ಕೆ ನಿಂತ ಎರಡು ವರ್ಷ
ಬಲಗಿವಿಗೆ ಮನೋವಿಜ್ಞಾನ, ಎಡಗಿವಿಗೆ ಗಣಿತ ಬೋಧನೆ.
ಹೆಣ್ಣುಮಕ್ಕಳ ಹಾಸ್ಟೆಲು ಬಂದಾಗ ಬೇಲಿ ಹೋಗಿ ಕಾಂಪೌಂಡು,
ಅವರೆ ಬಳ್ಳಿ ಅದರಡಿಗೆ.
ಮಹಡಿ ಬಂತು, ಅದರ ಮೇಲೊಂದು, ಕಂಪ್ಯೂಟರುಗಳಿಗೆ ತಂಪು ಕೋಣೆ.
ಎಲ್ಲಿ ಪಾಯ ತೋಡಿದರೂ ಗರಗಸದ ಪುಡಿ,
ಕಪ್ಪಗೆ, ಒದ್ದೆಯಾಗಿ. ಮೂಗಿಗೆ ಹಿಡಿದರೆ ಹೊನ್ನೆ.

ಅಭ್ಯಾಸ ಶಾಲೆಗೂ ತಾರಸಿ ಹಾಕಿಸಿದ ವರ್ಷ
ಒಂದನೇ ಕ್ಲಾಸಿಗೆ ನಾಲ್ಕು ಮಕ್ಕಳು.
ಕೊನೆಯ ವರ್ಷ ಇಡೀ ಶಾಲೆಗೆ ಖೈರುನ್ನೀಸಾ ಒಬ್ಬಳೇ.
ಅವಳಿಗೆ ಜ್ವರ ಬಂದರೆ ಎಲ್ಲರಿಗೂ ರಜೆ.
ಬೀಗದಕೈ ಈಗ ನನ್ನ ಗೊಂಚಲಲ್ಲಿದೆ.

ಈಗ ಪಾಠ ಮಾಡುವವರಿಗೆ ಜೊತೆಯವರೇ ಮಕ್ಕಳು.
ತಾಳಿ ಕಟ್ಟಿಸಿಕೊಂಡವರು, ಮೀಸೆ ಬಂದವರು
"ಟೀಚರ್, ಟೀಚರ್" ಎಂದು ಎಳೆ ದನಿ ತೆಗೆಯುತ್ತಾರೆ.
ಮೊನ್ನೆ ಅವರಲ್ಲೂ ನಾಲ್ಕು ಜನ ಕಡಿಮೆ ಬಿದ್ದು
"ಕೆರಿಯಪ್ಪಣ್ಣ, ಸ್ವಲ್ಪ ಕೂತ್ಕೊಳಿ" ಅಂದರು.
ಕೂತೆ. ಮೊಣಕಾಲು ಬೆಂಚಿನಡಿ ಹಿಡಿಯಲಿಲ್ಲ.
ಹೊಸನಗರದ ಕಡೆಯ ಹುಡುಗಿ. ಪರದೆಯ ಮೇಲೆ ಕಾಳು ಒಡೆಯಿತು,
ಬಿಳಿ ಬೇರು ತಾನಾಗಿ ಕೆಳಗಿಳಿಯಿತು.
ಕೋಲಿಲ್ಲ ಕೈಯಲ್ಲಿ, ನಡುಕ ಮಾತ್ರ ಅದೇ.
ಹಿಂದೆ ಪೆನ್ನಿನ ಮುಚ್ಚಳ ತೆಗೆದ ಸದ್ದು.
"ಬೀಜ ಮೊಳೆಯಲು ಏನೇನು ಬೇಕು, ಮಕ್ಕಳೇ?"

ಹದಿನಾಲ್ಕು ಸಲ ಹೇಳಿದ ಉತ್ತರ.
ಯಾಕೋ ಎಡಗೈ ಎತ್ತಿದೆ.
ಹುಡುಗಿಗೆ ಆ ಗುಟ್ಟು ಯಾರೂ ಹೇಳಿರಲಿಲ್ಲ.
ನನ್ನನ್ನೇ ಎಬ್ಬಿಸಿದಳು.